ತಂತಿಗಾಲಿನ ಹಕ್ಕಿಗಾಗಿ ಅರ್ಧ ದಿನ: ಸೇಂಟ್ ಹೆಲೆನಾದ ಪಕ್ಷಿವೀಕ್ಷಣೆ ಸೇವೆಯೊಂದರ ವಿಮರ್ಶೆ

ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ಒಂಟಿಯಾಗಿ ನಿಂತಿರುವ ಸೇಂಟ್ ಹೆಲೆನಾ ದ್ವೀಪದಲ್ಲಿ ವೈರ್‌ಬರ್ಡ್ ಎಂಬ ಹಕ್ಕಿಯಿದೆ. ಆ ದ್ವೀಪವನ್ನು ಬಿಟ್ಟರೆ ಭೂಮಿಯ ಮೇಲೆ ಅದು ಬೇರೆಲ್ಲಿಯೂ ಇಲ್ಲ. ಅದನ್ನು ತೋರಿಸಲೆಂದೇ ಸ್ಥಳೀಯರು ನಡೆಸುವ ಅರ್ಧ ದಿನದ ಕಾಲ್ನಡಿಗೆ ಸೇವೆಯೊಂದನ್ನು ಕಳೆದ ನವೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ಪಡೆದೆವು. ನಾವು ಜೋಹಾನ್ಸ್‌ಬರ್ಗಿನಲ್ಲಿ ನೆಲೆಸಿ ಒಂಬತ್ತು ವರ್ಷಗಳಾಗಿವೆ, ಹಾಗಾಗಿ ಬೆಂಗಳೂರಿನಿಂದ ಹೊರಡುವವರಿಗಿಂತ ನಮಗೆ ಆ ದ್ವೀಪ ಒಂದು ವಿಮಾನದಷ್ಟು ಹತ್ತಿರ. ಸೇವೆ ನಡೆಸುವವರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ, ಏಕೆಂದರೆ ನಾಲ್ಕೂವರೆ ಸಾವಿರ ಜನರೂ ಇಲ್ಲದ ಊರಿನಲ್ಲಿ ಯಾವ ದೂರಾದರೂ ನೇರವಾಗಿ ಒಬ್ಬರ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಹುಲ್ಲುಗಾವಲಿನಲ್ಲಿ ಕಳೆದ ಮೊದಲ ಮೂರು ಗಂಟೆಗಳಿಗೆ ನಾವು ಕೊಟ್ಟ ಹಣ ಕಡಿಮೆಯಾಯಿತು, ವ್ಯಾನಿನಲ್ಲಿ ಕಳೆದ ಕೊನೆಯ ಒಂದು ಗಂಟೆಗೆ ಹೆಚ್ಚಾಯಿತು. ಮುಂಗಡವಾಗಿ ಕಾಯ್ದಿರಿಸುವ ವ್ಯವಸ್ಥೆಯಂತೂ ಸುಧಾರಿಸಲೇಬೇಕು.

ವೈರ್‌ಬರ್ಡ್ ಪ್ಲೋವರ್ ಕುಟುಂಬದ ಹಕ್ಕಿ, ಎಂದರೆ ನೀರಂಚಿನಲ್ಲಿ ಉದ್ದ ಕಾಲುಗಳ ಮೇಲೆ ಓಡಾಡಿ ಹುಳು ಹೆಕ್ಕುವ ಹಕ್ಕಿಗಳ ಬಳಗದ್ದು. ಅಪರಾತ್ರಿಯಲ್ಲಿ ಕೂಗಿ ನಮ್ಮ ಕೆರೆಬಯಲುಗಳನ್ನು ಎಚ್ಚರಿಸುವ ಟಿಟ್ಟಿಭ ಇದರ ದಾಯಾದಿ. ಕೆರೆ ಇಳಿದ ಮೇಲೆ ಕೆಸರಂಚಿನಲ್ಲಿ ಓಡಿ ನಿಂತು, ಓಡಿ ನಿಂತು ಮೇಯುವ, ಕೊರಳಿಗೆ ಕರಿಪಟ್ಟಿಯಿರುವ ಪುಟ್ಟ ಪ್ಲೋವರ್ ಕೂಡ ಇದರ ನಂಟ. ಆದರೆ ಈ ಹಕ್ಕಿ ತನ್ನ ಬಳಗದ ಕಸುಬನ್ನು ಬಿಟ್ಟು, ಸುತ್ತಲೂ ಸಾಗರವಿದ್ದರೂ ಕಡಲ ದಡಕ್ಕೆ ಇಳಿಯದೆ, ಒಣ ಹುಲ್ಲುಗಾವಲುಗಳಲ್ಲಿಯೂ ದ್ವೀಪದ ಬರಡು ಬಯಲುಗಳಲ್ಲಿಯೂ ಸಂಸಾರ ಹೂಡಿದೆ. ಕೊಕ್ಕಿನಿಂದ ಬಾಲದ ತುದಿಯವರೆಗೆ ಅಳೆದರೆ ಸುಮಾರು ಹದಿನೈದು ಸೆಂಟಿಮೀಟರ್; ಬೆನ್ನು ಕಂದು, ಹೊಟ್ಟೆ ಬಿಳುಪು, ಕಣ್ಣಿನ ಮೇಲೆ ಹಾದು ಕೊರಳ ಬದಿಗೆ ಇಳಿಯುವ ಕಪ್ಪು ಮುಸುಕು, ಮತ್ತು ಆ ಪುಟ್ಟ ಮೈಗೆ ಹೊಂದದಷ್ಟು ಉದ್ದವಾದ, ತಂತಿಯಂತೆ ತೆಳ್ಳಗಿನ ಕಾಲುಗಳು. ಹೆಸರು ಬಂದದ್ದು ಆ ಕಾಲುಗಳಿಂದ ಎಂಬುದೇ ರೂಢಿಯ ವಿವರಣೆ. ಮನುಷ್ಯ ಕಾಲಿಡುವ ಮೊದಲು ಈ ದ್ವೀಪಕ್ಕೇ ಮೀಸಲಾಗಿದ್ದ ನೆಲದ ಹಕ್ಕಿಗಳು ಇನ್ನೂ ಹಲವು ಇದ್ದವು. ಇಲ್ಲಿನ ಹೂಪೋ ಹಕ್ಕಿಯನ್ನೂ ಹಾರಲಾರದ ನೀರುಕೋಳಿ ಜಾತಿಯ ಹಕ್ಕಿಗಳನ್ನೂ ಇಂದು ನಾವು ಅಗೆದು ತೆಗೆದ ಮೂಳೆಗಳಿಂದಷ್ಟೇ ಬಲ್ಲೆವು. ಉಳಿದುಕೊಂಡದ್ದು ವೈರ್‌ಬರ್ಡ್ ಒಂದೇ. ದ್ವೀಪದ ಬಾವುಟದಲ್ಲಿರುವ ಲಾಂಛನದ ಮೇಲ್ಭಾಗದಲ್ಲಿ ಅದು ನಿಂತಿದೆ.

ಕನ್ನಡದ ಓದುಗರಿಗೆ ಇಲ್ಲಿ ಒಂದು ಮಾತನ್ನು ಹೇಳದಿದ್ದರೆ ತಪ್ಪಾದೀತು. 1502ರಲ್ಲಿ ಭಾರತದಿಂದ ಮರಳುತ್ತಿದ್ದ ಪೋರ್ಚುಗೀಸ್ ನಾವಿಕ ಜೊವಾವೊ ದ ನೋವಾ ಈ ದ್ವೀಪವನ್ನು ಕಂಡನೆಂಬುದು ರೂಢಿಯ ಇತಿಹಾಸ. ಆದರೆ ಇಲ್ಲಿ ಮೊದಲು ನೆಲೆ ನಿಂತವನು ಫೆರ್ನಾವೊ ಲೋಪೆಸ್ ಎಂಬ ಸೈನಿಕ. ಗೋವೆಯ ಪೋರ್ಚುಗೀಸರನ್ನು ತೊರೆದು ಬಿಜಾಪುರದ ಆದಿಲ್‌ಶಾಹಿ ಪಡೆಯನ್ನು ಸೇರಿದ್ದ ಅವನು 1512ರಲ್ಲಿ ಸಿಕ್ಕಿಬಿದ್ದು, ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕನ ಆಜ್ಞೆಯಂತೆ ಮೂಗು, ಕಿವಿ, ಬಲಗೈ ಮತ್ತು ಎಡಗೈಯ ಹೆಬ್ಬೆರಳನ್ನು ಕಳೆದುಕೊಂಡ. ಊರಿಗೆ ಮರಳುವ ಹಡಗು ಇಲ್ಲಿ ನೀರಿಗಾಗಿ ನಿಂತಾಗ, ಆ ಮುಖ ಹೊತ್ತು ತನ್ನವರ ಮುಂದೆ ನಿಲ್ಲಲಾರದೆ ಇಳಿದು ಉಳಿದುಬಿಟ್ಟನಂತೆ. ಮುಂದೆ ಸುಮಾರು ಮೂವತ್ತು ವರ್ಷ ಇದೇ ದ್ವೀಪದಲ್ಲಿ ಬಾಳಿದ. ಬಿಜಾಪುರದ ಅನ್ನ ಉಂಡವನೊಬ್ಬ ಈ ಹಕ್ಕಿಯ ಮೊದಲ ನೆರೆಯವನಾಗಿದ್ದನೆಂದು ಯೋಚಿಸುತ್ತ ನಾನು ಆ ಬಯಲಿನಲ್ಲಿ ಬಹಳ ಹೊತ್ತು ನಿಂತಿದ್ದೆ. ನಮ್ಮ ಮಾರ್ಗದರ್ಶಕಿಗೆ ಲೋಪೆಸನ ಕಥೆ ಚೆನ್ನಾಗಿ ಗೊತ್ತಿತ್ತು, ಬಿಜಾಪುರ ಎಲ್ಲಿದೆ ಎಂಬುದು ಗೊತ್ತಿರಲಿಲ್ಲ.

ಈಗ ಸೇವೆಯ ವಿಷಯ. ದ್ವೀಪಕ್ಕೆ ಜೋಹಾನ್ಸ್‌ಬರ್ಗಿನಿಂದ ವಾರಕ್ಕೊಮ್ಮೆ, ಶನಿವಾರ, ಏರ್‌ಲಿಂಕ್ ವಿಮಾನವಿದೆ. ಕೆಲವು ತಿಂಗಳುಗಳಲ್ಲಿ ಮಾತ್ರ ವಾರದ ನಡುವೆ ಇನ್ನೊಂದು ಸೇರುತ್ತದೆ. ಇಂಥ ಊರಿಗೆ ಹೋಗುವವನಿಗೆ ದಿನಗಳ ಲೆಕ್ಕ ಎಷ್ಟು ಮುಖ್ಯವೆಂದು ಸೇವೆ ನಡೆಸುವವರಿಗೆ ಬೇರೆಯವರು ಹೇಳಬೇಕಾಗಿಲ್ಲ. ಆದರೂ ನಾನು ಬರೆದ ಮೊದಲ ಇಮೇಲಿಗೆ ಹನ್ನೊಂದು ದಿನ ಉತ್ತರವಿರಲಿಲ್ಲ. ಬಂದ ಉತ್ತರದಲ್ಲಿ 'ಬನ್ನಿ, ನೋಡೋಣ' ಎಂಬುದಕ್ಕಿಂತ ಹೆಚ್ಚೇನೂ ಇರಲಿಲ್ಲ. ಎಲ್ಲಿ ಸೇರಬೇಕು, ಏನು ತರಬೇಕು, ಹಣವನ್ನು ಹೇಗೆ ಕೊಡಬೇಕು ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಸಿಕ್ಕಿದ್ದು ನಾವು ದ್ವೀಪದ ರಾಜಧಾನಿ ಜೇಮ್ಸ್‌ಟೌನಿನಲ್ಲಿ ಇಳಿದ ಮೇಲೆ, ನಮ್ಮ ವಸತಿಗೃಹದ ಒಡತಿ ತಾನಾಗಿ ಫೋನ್ ಮಾಡಿದಾಗ. ಹಣವನ್ನು ನಗದಾಗಿಯೇ ಕೊಡಬೇಕಿತ್ತು. ಅಲ್ಲಿ ಚಲಾವಣೆಯಲ್ಲಿರುವುದು ಸೇಂಟ್ ಹೆಲೆನಾ ಪೌಂಡ್, ಅದರ ಬೆಲೆ ಬ್ರಿಟಿಷ್ ಪೌಂಡಿಗೆ ಸಮ, ಬ್ರಿಟಿಷ್ ನೋಟುಗಳೂ ನಡೆಯುತ್ತವೆ. ಹಾಗಾಗಿ ಊರಿನಿಂದಲೇ ಪೌಂಡ್ ನೋಟುಗಳನ್ನು ತೆಗೆದುಕೊಂಡು ಹೋಗುವುದು ಒಳ್ಳೆಯದು. ನಾವು ತಲೆಗೆ ಮೂವತ್ತೈದು ಪೌಂಡ್ ಕೊಟ್ಟೆವು.

ಗೊತ್ತಾದ ದಿನ ಬೆಳಗ್ಗೆ ಏಳೂವರೆಗೆ ವ್ಯಾನು ಬಂತು. ಜೇಮ್ಸ್‌ಟೌನ್ ಎರಡು ಕಡಿದಾದ ಬೆಟ್ಟಗಳ ನಡುವಿನ ಸೀಳಿನಲ್ಲಿ ಉದ್ದಕ್ಕೆ ಮಲಗಿದ ಊರು. ಅಲ್ಲಿಂದ ಸೈಡ್ ಪಾತ್ ಎಂಬ, ಒಂದು ಬದಿಗೆ ಬಂಡೆ ಮತ್ತೊಂದು ಬದಿಗೆ ಬಯಲು ಗಾಳಿ ಇರುವ ಕಿರಿದಾದ ರಸ್ತೆಯನ್ನು ಏರಿ, ನೆಪೋಲಿಯನ್ ತನ್ನ ಕೊನೆಯ ವರ್ಷಗಳನ್ನು ಕಳೆದ ಲಾಂಗ್‌ವುಡ್ ಕಡೆಗೆ ತಿರುಗಿ, ಡೆಡ್‌ವುಡ್ ಬಯಲನ್ನು ತಲುಪಿದೆವು. ಏರುದಾರಿಯಲ್ಲಿ ಎದುರಾದ ಪ್ರತಿಯೊಂದು ವಾಹನದವರಿಗೂ ಮಾರ್ಗದರ್ಶಕಿ ಕೈಯೆತ್ತಿ ನಮಸ್ಕರಿಸುತ್ತಿದ್ದರು, ಅವರೂ ಎತ್ತುತ್ತಿದ್ದರು. ಅಲ್ಲಿ ಅದು ಪದ್ಧತಿ. ಐವತ್ತು ದಾಟಿದ, ಮಾತು ಕಡಿಮೆಯಿರುವ ಹೆಂಗಸು. ಹಿಂದೆ ಕೆಲವು ವರ್ಷ ಈ ಹಕ್ಕಿಗಳನ್ನು ಎಣಿಸುವ ಕೆಲಸದಲ್ಲಿಯೇ ಇದ್ದವರು. ಬಯಲಿನ ಗೇಟು ತೆರೆಯುವ ಮೊದಲು ಅವರು ಹೇಳಿದ ನಿಯಮಗಳು ಮೂರೇ: ತಮ್ಮ ಹಿಂದೆ ಒಂದೇ ಸಾಲಿನಲ್ಲಿ ನಡೆಯಬೇಕು, ಅವರು ನಿಂತಲ್ಲಿ ನಿಲ್ಲಬೇಕು, ಕಾಲಿಡುವ ಮೊದಲು ಕೆಳಗೆ ನೋಡಬೇಕು. ಈ ಹಕ್ಕಿ ನೆಲದಲ್ಲಿ ಬೊಗಸೆಯಗಲದ ತಗ್ಗು ಮಾಡಿ, ಸಾಮಾನ್ಯವಾಗಿ ಎರಡೇ ಮೊಟ್ಟೆಗಳನ್ನು ಇಡುತ್ತದೆ. ಆ ಮೊಟ್ಟೆಗಳು ಮಣ್ಣಿನ ಬಣ್ಣದಲ್ಲಿ ಕಲೆ ಕಲೆಯಾಗಿರುವುದರಿಂದ ಹಿಮ್ಮಡಿಯ ಕೆಳಗೆ ಒಡೆದ ಮೇಲೆಯೇ ಅವು ಅಲ್ಲಿದ್ದುದು ತಿಳಿಯುತ್ತದೆ.

ಮೊದಲ ಅರ್ಧ ಗಂಟೆ ನಮಗೆ ಏನೂ ಕಾಣಲಿಲ್ಲ. ಆಗ್ನೇಯದ ಗಾಳಿ ಬಿಟ್ಟೂಬಿಡದೆ ಬೀಸುತ್ತಿತ್ತು. ಬಯಲಿನ ಏರಿನ ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ತಿರುಗುತ್ತಿದ್ದವು. ಆಚೆ, ದಿ ಬಾರ್ನ್ ಎಂದು ಕರೆಯುವ ಕಪ್ಪು ಬೆಟ್ಟ ಸಮುದ್ರಕ್ಕೆ ಬೆನ್ನು ಮಾಡಿ ಕುಳಿತಿತ್ತು. ಅಲ್ಲಲ್ಲಿ ದನಗಳು, ದನಗಳ ಹಿಂದೆ ಸಗಣಿ. ನಾನು ದುರ್ಬೀನಿನಲ್ಲಿ ದೂರದ ಬೇಲಿಯವರೆಗೆ ಹುಡುಕುತ್ತಿದ್ದಾಗ ನನ್ನ ಹೆಂಡತಿ ತೋಳು ಜಗ್ಗಿ, "ರೀ, ಅಲ್ಲಿ ನೋಡಿ, ಆ ಸಗಣಿ ಹೆಂಟೆ ಓಡ್ತಾ ಇದೆ" ಎಂದಳು. ಅದೇ ನಮ್ಮ ಮೊದಲ ವೈರ್‌ಬರ್ಡ್. ಒಣಗಿದ ಸಗಣಿಯ ಪಕ್ಕದಲ್ಲಿ, ಅದೇ ಬಣ್ಣದಲ್ಲಿ, ಅಷ್ಟೇ ಗಾತ್ರದಲ್ಲಿ ನಿಂತಿದ್ದ ಹಕ್ಕಿ ನಾಲ್ಕಾರು ಗಜ ಓಡಿ ಗಕ್ಕನೆ ನಿಂತಿತು, ಮುಂದಕ್ಕೆ ಬಾಗಿ ಏನನ್ನೋ ಹೆಕ್ಕಿತು, ಮತ್ತೆ ಓಡಿತು. ಓಡುವಾಗ ಕಾಲುಗಳು ಕಾಣುವುದೇ ಇಲ್ಲ. ಹುಲ್ಲಿನ ಮೇಲೆ ಯಾರೋ ದಾರ ಕಟ್ಟಿ ಎಳೆದಂತೆ ಮೈಯಷ್ಟೇ ಜಾರುತ್ತದೆ. ನಿಂತಾಗ ಮಾತ್ರ ಆ ಕಾಲುಗಳು ಗೋಚರಿಸುತ್ತವೆ, ಮತ್ತು ಇಷ್ಟು ತೆಳ್ಳಗಿನ ಕಡ್ಡಿಗಳು ಇಂಥ ಗಾಳಿಯಲ್ಲಿ ಮುರಿಯದೆ ಹೇಗೆ ನಿಂತಿವೆ ಎಂದು ಆಶ್ಚರ್ಯವಾಗುತ್ತದೆ.

ಈ ಸೇವೆಯ ನಿಜವಾದ ಬೆಲೆ ತಿಳಿದದ್ದು ಇದರ ನಂತರ. ಹಕ್ಕಿ ಸಿಕ್ಕ ಮೇಲೆ ಪ್ರವಾಸಿಗರನ್ನು ಇನ್ನಷ್ಟು ಹತ್ತಿರಕ್ಕೆ ಕರೆದುಕೊಂಡು ಹೋಗಿ ಫೋಟೋ ತೆಗೆಸುವುದು ಎಲ್ಲ ಕಡೆಯ ಮಾರ್ಗದರ್ಶಕರಿಗೂ ಸುಲಭದ ದಾರಿ, ಬಂದವರ ಸಂತೋಷವೂ ಅದರಲ್ಲಿಯೇ ಇರುತ್ತದೆ. ಇವರು ಅದಕ್ಕೆ ತದ್ವಿರುದ್ಧವಾಗಿ ನಡೆದರು. ಹಕ್ಕಿ ತಲೆಯನ್ನು ಮೇಲೆ ಕೆಳಗೆ ಕುಲುಕತೊಡಗಿದ ಕೂಡಲೇ, "ನಾವು ಹೆಚ್ಚು ಹತ್ತಿರ ಬಂದಿದ್ದೇವೆ, ಆರು ಹೆಜ್ಜೆ ಹಿಂದೆ ಬನ್ನಿ" ಎಂದರು, ಹಿಂದೆ ಬಂದೆವು, ತಲೆ ಕುಲುಕುವುದು ನಿಂತಿತು. ಆಮೇಲೆ ಇನ್ನೊಂದು ಜೋಡಿಯನ್ನು ದೂರದಿಂದ ತೋರಿಸಿ, ಮುಕ್ಕಾಲಿಯ ಮೇಲೆ ದೂರದರ್ಶಕವನ್ನು ನಿಲ್ಲಿಸಿ, ಸುಮಾರು ಎಪ್ಪತ್ತು ಹೆಜ್ಜೆ ಆಚೆಯಿರುವ ಗೂಡಿನ ಕಡೆಗೆ ತಿರುಗಿಸಿಕೊಟ್ಟರು. ಗೂಡಿನ ಬಳಿ ಕಡ್ಡಿ, ಬಟ್ಟೆ, ಕಲ್ಲು ಎಂಬ ಯಾವ ಗುರುತೂ ಇರಲಿಲ್ಲ. ಗುರುತು ಇಟ್ಟರೆ ಬೇರೆ ಪ್ರಾಣಿಗಳೂ ಅದನ್ನು ಕಲಿಯುತ್ತವೆಂದು ಅವರು ಬೇಲಿಯ ಒಂದು ಕಂಬವನ್ನೂ ಗಾಳಿಯಂತ್ರವೊಂದನ್ನೂ ಒಂದೇ ಗೆರೆಗೆ ತಂದು ಜಾಗವನ್ನು ನೆನಪಿಟ್ಟುಕೊಂಡಿದ್ದರು.

ನಾನು ಕಣ್ಣಿಟ್ಟಾಗ ಹಕ್ಕಿ ಕಾವಿಗೆ ಕುಳಿತಿತ್ತು. ಕೆಲವು ನಿಮಿಷಗಳ ನಂತರ ಒಂದು ಹಸು ಅತ್ತ ಕಡೆಗೆ ಮೇಯುತ್ತ ಬಂತು. ಹಕ್ಕಿ ಎದ್ದು ನಿಂತು, ಓಡುವ ಬದಲು, ಗೂಡಿನ ಮೇಲೆಯೇ ಬೇಗಬೇಗನೆ ಕಾಲಾಡಿಸತೊಡಗಿತು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೆದರಿ, ಸುತ್ತಲಿನ ಒಣ ಹುಲ್ಲನ್ನೂ ಪುಡಿಮಣ್ಣನ್ನೂ ಮೊಟ್ಟೆಗಳ ಮೇಲೆ ಎಳೆದು ಮುಚ್ಚಿ, ಆಮೇಲೆ ತನಗೂ ಆ ಜಾಗಕ್ಕೂ ಸಂಬಂಧವೇ ಇಲ್ಲವೆಂಬಂತೆ ಪಕ್ಕಕ್ಕೆ ಸರಿದು ಹುಳು ಹೆಕ್ಕಲು ಶುರುಮಾಡಿತು. ಇದೆಲ್ಲ ಐದಾರು ಸೆಕೆಂಡುಗಳ ಕೆಲಸ. ಅದೇ ಜಾಗವನ್ನು ಕಣ್ಣು ಕದಲಿಸದೆ ನೋಡುತ್ತಿದ್ದ ನನಗೂ ಗೂಡು ಎಲ್ಲಿತ್ತೆಂದು ಮತ್ತೆ ಹೇಳಲಾಗಲಿಲ್ಲ. ಹಸು ದಾಟಿ ಹೋದ ಮೇಲೆ ಹಕ್ಕಿ ನೇರವಾಗಿ ಬರದೆ ಅರ್ಧವೃತ್ತ ಸುತ್ತಿ, ಎರಡು ಸಲ ನಿಂತು, ಮರಳಿ ಬಂದು, ಕೊಕ್ಕಿನಿಂದ ಹುಲ್ಲನ್ನು ಸರಿಸಿ ಕುಳಿತಿತು. ಆಫ್ರಿಕಾದ ಮುಖ್ಯಭೂಮಿಯಲ್ಲಿರುವ ಕಿಟ್ಲಿಟ್ಸ್ ಪ್ಲೋವರ್ ಇದರ ಹತ್ತಿರದ ಸಂಬಂಧಿ, ಅದಕ್ಕೂ ಇದೇ ಅಭ್ಯಾಸವಿದೆ. ಎಂದೋ ಗಾಳಿಗೆ ಸಿಕ್ಕಿ ಸಾಗರ ದಾಟಿ ಬಂದ ಪೂರ್ವಜರು ಈ ವಿದ್ಯೆಯನ್ನು ಜೊತೆಗೆ ತಂದಿರಬೇಕು.

ಮೊಟ್ಟೆಯನ್ನು ಮುಚ್ಚುವ ಉಪಾಯ ಎಲ್ಲ ಶತ್ರುಗಳ ಮುಂದೆಯೂ ನಡೆಯುವುದಿಲ್ಲ. ಬೇಲಿಯ ಬುಡದಲ್ಲಿ ಬೆಕ್ಕು ಹಿಡಿಯುವ ಬೋನೊಂದನ್ನು ಮಾರ್ಗದರ್ಶಕಿ ತೋರಿಸಿದರು. ಜನರು ತಂದ ಬೆಕ್ಕುಗಳ ಸಂತಾನ ಕಾಡುಬಿದ್ದು ಬಯಲನ್ನು ಸೇರಿದೆ. ರಾತ್ರಿ ಗೂಡುಗಳನ್ನು ಹುಡುಕಿ ತಿನ್ನುವುದರಲ್ಲಿ ಅವೇ ಮುಂದು, ಇಲಿಗಳು ಅವುಗಳ ಹಿಂದೆ. ಮೂರನೆಯ ಕಳ್ಳನನ್ನು ಅವರು ಬೆರಳು ಮಾಡಿ ತೋರಿಸುವ ಮೊದಲೇ ನಾವು ಗುರುತಿಸಿದ್ದೆವು: ಬೇಲಿಯ ತಂತಿಯ ಮೇಲೆ ಹಳದಿ ಕಣ್ಣಂಚಿನ ಎರಡು ಗೊರವಂಕಗಳು. ನಮ್ಮ ಮನೆಯಂಗಳದ ಅದೇ ಗೊರವಂಕ, ಅದೇ ಗತ್ತಿನ ನಡಿಗೆ, ಅದೇ ಕಿರಿಚಾಟ. 1885ರಲ್ಲಿ ತಂದು ಬಿಟ್ಟವು ಇಂದು ದ್ವೀಪದ ತುಂಬ ಹರಡಿ, ವೈರ್‌ಬರ್ಡಿನ ಮೊಟ್ಟೆಗೂ ಕೊಕ್ಕು ಹಾಕುತ್ತಿವೆ. ಊರಿನವರನ್ನು ಪರದೇಶದ ಬಸ್ ನಿಲ್ದಾಣದಲ್ಲಿ ಕಂಡಾಗ ಆಗುವ ಸಂತೋಷವೇ ಮೊದಲು ಆಯಿತೆಂದು ಒಪ್ಪಿಕೊಳ್ಳುತ್ತೇನೆ. ನಾವು ಭಾರತದವರೆಂದು ತಿಳಿದಿದ್ದ ಮಾರ್ಗದರ್ಶಕಿ ಅವುಗಳನ್ನೂ ನಮ್ಮನ್ನೂ ಒಂದು ಸಲ ನೋಡಿ ನಕ್ಕರು, ಬಾಯಿಬಿಟ್ಟು ಏನೂ ಹೇಳಲಿಲ್ಲ.

ಅವರು ಅತ್ಯಂತ ಚೆನ್ನಾಗಿ ವಿವರಿಸಿದ ಸಂಗತಿ ಹುಲ್ಲಿನದು, ಮತ್ತು ಈ ಭಾಗಕ್ಕಾಗಿಯೇ ನಾನು ಈ ಸೇವೆಯನ್ನು ಇತರರಿಗೆ ಶಿಫಾರಸು ಮಾಡುತ್ತೇನೆ. ತಂತಿಬೇಲಿಯ ಎರಡು ಬದಿಯಲ್ಲಿ ಎರಡು ಪಾಲು ಹುಲ್ಲುಗಾವಲು. ಒಂದರಲ್ಲಿ ದನಗಳು ಮೇದು ಹುಲ್ಲು ಹಿಮ್ಮಡಿಯ ಎತ್ತರಕ್ಕಿತ್ತು, ನಡುನಡುವೆ ಮಣ್ಣು ಕಾಣುತ್ತಿತ್ತು. ಅದರಲ್ಲಿ ಒಂದು ಗಂಟೆಯಲ್ಲಿ ನಾವು ಏಳು ಹಕ್ಕಿಗಳನ್ನು ಎಣಿಸಿದೆವು. ಇನ್ನೊಂದರಲ್ಲಿ ಮೇವು ನಿಂತು, ಹೊರಗಿನಿಂದ ಬಂದ ಕಿಕುಯು ಹುಲ್ಲು ಹಾಸಿಗೆಯಂತೆ ದಟ್ಟವಾಗಿ ಬೆಳೆದಿತ್ತು. ಅದರಲ್ಲಿ ಒಂದೂ ಇರಲಿಲ್ಲ. ಓಡಿ, ನಿಂತು, ಕಣ್ಣಿನಿಂದ ಹುಳುವನ್ನು ಕಂಡು ಹಿಡಿಯುವ ಹಕ್ಕಿಗೆ ಮೊಣಕಾಲೆತ್ತರದ ಹುಲ್ಲು ಎಂದರೆ ಗೋಡೆ. ಈ ಬಯಲು ಒಂದು ಕಾಲಕ್ಕೆ ಗಮ್‌ವುಡ್ ಮರಗಳ ದೊಡ್ಡ ಕಾಡಾಗಿತ್ತು. ಆಡುಗಳು ಮತ್ತು ಕೊಡಲಿ ಸೇರಿ ಆ ಕಾಡನ್ನು ಮುಗಿಸಿದ ಮೇಲೆ ಹುಲ್ಲುಗಾವಲಾಯಿತು, ಹಕ್ಕಿಗೆ ಹೊಸ ನೆಲ ಸಿಕ್ಕಿತು. ಎಂದರೆ ಉಳಿದ ಹಕ್ಕಿಗಳ ವಂಶ ನಿಲ್ಲಿಸಿದ ಮನುಷ್ಯನ ಕೈವಾಡವೇ ಇದಕ್ಕೆ ಮೇಯುವ ಜಾಗವನ್ನು ಒದಗಿಸಿತು, ಈಗ ದನ ಸಾಕುವವರು ಕಡಿಮೆಯಾದರೆ ಆ ಜಾಗವೂ ಮುಚ್ಚಿಹೋಗುತ್ತದೆ. ಬಯಲು ಎಂದರೆ ಪಾಳು, ಮರ ನೆಟ್ಟರೆ ಪುಣ್ಯ ಎಂಬ ನಮ್ಮ ತಿಳಿವಳಿಕೆಯಿಂದ ರಾಣೆಬೆನ್ನೂರಿನ ಹುಲ್ಲುಗಾವಲಿನಲ್ಲಿ ನೀಲಗಿರಿ ಬೆಳೆದು ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆ ನೆಲೆ ತಪ್ಪಿದ್ದನ್ನು ಕಂಡವರಿಗೆ ಈ ಬೇಲಿಯ ಎರಡು ಬದಿಗಳು ಬೇಗ ಅರ್ಥವಾಗುತ್ತವೆ.

ಸಂಖ್ಯೆಗಳನ್ನೂ ಅವರು ಬಾಯಿಪಾಠವಾಗಿ ಹೇಳಿದರು. 2006ರ ಎಣಿಕೆಯಲ್ಲಿ ಬೆಳೆದ ಹಕ್ಕಿಗಳು ಇನ್ನೂರರ ಆಸುಪಾಸಿಗೆ ಇಳಿದಿದ್ದವು. 2007ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಇದನ್ನು ಅಳಿವಿನ ಅತಿ ತೀವ್ರ ಅಪಾಯದ ವರ್ಗಕ್ಕೆ ಸೇರಿಸಲಾಯಿತು. ಬೆಕ್ಕುಗಳ ನಿಯಂತ್ರಣ, ಹುಲ್ಲುಗಾವಲುಗಳ ದುರಸ್ತಿ, ಬಿಡದೆ ನಡೆದ ಎಣಿಕೆ ಇವುಗಳ ಫಲವಾಗಿ ಸಂಖ್ಯೆ ಐನೂರನ್ನು ದಾಟಿ, 2016ರಲ್ಲಿ ಅಪಾಯದ ಮಟ್ಟವನ್ನು ಎರಡು ಮೆಟ್ಟಿಲು ಇಳಿಸಲಾಯಿತು. ಆದರೂ ಇಡೀ ಪ್ರಪಂಚದ ವೈರ್‌ಬರ್ಡುಗಳನ್ನು ಒಂದು ಕಲ್ಯಾಣಮಂಟಪದ ಕುರ್ಚಿಗಳಲ್ಲಿ ಕೂರಿಸಬಹುದು.

ಇಷ್ಟು ಹೊಗಳಿದ ಮೇಲೆ ಕೊನೆಯ ಗಂಟೆಯ ವಿಷಯ. ಕರಪತ್ರದಲ್ಲಿ 'ಎರಡು ನೆಲೆಗಳ ಭೇಟಿ' ಎಂದಿತ್ತು. ಎರಡನೆಯದು ಪ್ರಾಸ್ಪರಸ್ ಬೇ ಬಯಲು, ವಿಮಾನ ನಿಲ್ದಾಣ ಇರುವ ಜಾಗ. ಹಸಿರೇ ಇಲ್ಲದ, ಕೆಂಗಂದು ಧೂಳಿನ ಈ ಬಯಲು ಹಕ್ಕಿಯ ಇನ್ನೊಂದು ಬಗೆಯ ನೆಲೆ. ಹುಲ್ಲುಗಾವಲುಗಳು ಹುಟ್ಟುವ ಮೊದಲು ಅದು ಇಂಥ ಕಡೆಗಳಲ್ಲಿಯೇ ಇದ್ದಿರಬೇಕು. ಇಲ್ಲಿ ನಿಲ್ದಾಣ ಕಟ್ಟುವಾಗ ಹಕ್ಕಿ ಕಳೆದುಕೊಳ್ಳುವ ನೆಲಕ್ಕೆ ಬದಲಾಗಿ ಬೇರೆಡೆಯ ಹುಲ್ಲುಗಾವಲುಗಳನ್ನು ಸರಿಪಡಿಸಿಕೊಡುವ ಯೋಜನೆಯನ್ನು ಹಾಕಿಕೊಳ್ಳಲಾಗಿತ್ತು. ರನ್‌ವೇಯ ಮೇಲಿನ ಗಾಳಿಯ ಏರುಪೇರಿನಿಂದ ತಡವಾಗಿ, 2017ರ ಅಕ್ಟೋಬರಿನಲ್ಲಿ ಮೊದಲ ವಾಡಿಕೆಯ ವಿಮಾನ ಇಳಿಯಿತು. ಕೇಪ್‌ಟೌನಿನಿಂದ ಐದಾರು ದಿನ ಹಡಗಿನಲ್ಲಿ ಬರಬೇಕಾಗಿದ್ದ ಕಾಲ ಮುಗಿದು ನಮ್ಮಂಥವರು ಹಕ್ಕಿ ನೋಡಲು ಬರುವಂತಾದದ್ದೂ ಈ ನಿಲ್ದಾಣದಿಂದಲೇ. ಇಷ್ಟೊಂದು ಹೇಳುವುದಿರುವ ಜಾಗದಲ್ಲಿ ಸೇವೆಯವರು ಮಾಡಿದ್ದೇನೆಂದರೆ, ರಸ್ತೆ ಬದಿಗೆ ವ್ಯಾನು ನಿಲ್ಲಿಸಿ, ಕಿಟಕಿಯ ಗಾಜಿನೊಳಗಿಂದ ಬಯಲನ್ನು ತೋರಿಸಿ, ಹತ್ತು ನಿಮಿಷದಲ್ಲಿ ಮರಳಿದ್ದು. ಚಾಲಕರಿಗೆ ಇನ್ನೊಂದು ಬಾಡಿಗೆ ಇತ್ತಂತೆ. ಹಕ್ಕಿ ಕಾಣಲಿಲ್ಲ, ಅದು ಯಾರ ತಪ್ಪೂ ಅಲ್ಲ. ಇಳಿದು ನಿಂತು ನೋಡಲು ಬಿಡದದ್ದು ಮಾತ್ರ ತಪ್ಪು. ಎರಡನೆಯ ನೆಲೆಯನ್ನು ಕಾರ್ಯಕ್ರಮದಿಂದ ತೆಗೆದುಹಾಕಿ ಅಷ್ಟು ಹೊತ್ತನ್ನೂ ಡೆಡ್‌ವುಡ್ ಬಯಲಿಗೇ ಕೊಟ್ಟರೆ ಮೇಲು, ಇಲ್ಲವೇ ಅದಕ್ಕೆಂದೇ ಪ್ರತ್ಯೇಕ ದಿನವನ್ನು ಇಡಬೇಕು.

ದರದಲ್ಲಿ ಬುತ್ತಿಯೂ ಸೇರಿತ್ತು. ಟ್ಯೂನಾ ಮೀನಿನ ಖಾರದ ಕಟ್ಲೆಟ್ಟುಗಳು ಚೆನ್ನಾಗಿದ್ದವು. ಮಾಂಸ ತಿನ್ನದ ನನ್ನ ಹೆಂಡತಿಗೆ ಎರಡು ಬಾಳೆಹಣ್ಣು ಮತ್ತು ಟೊಮ್ಯಾಟೊ ಹಚ್ಚಿದ ಬ್ರೆಡ್ಡು ಸಿಕ್ಕಿತು. ಮೊದಲೇ ತಿಳಿಸಿದ್ದೆವು, ಆದರೆ ಆ ಇಮೇಲನ್ನು ಓದಿದವರು ಯಾರೂ ಇದ್ದಂತಿರಲಿಲ್ಲ. ಶಾಕಾಹಾರಿಗಳು ಚಪಾತಿಯನ್ನೋ ಅವಲಕ್ಕಿಯನ್ನೋ ಕಟ್ಟಿಕೊಂಡು ಹೋಗುವುದು ಕ್ಷೇಮ.

ದೊಡ್ಡ ಕ್ಯಾಮೆರಾ ಹೊತ್ತು, ಪರದೆ ತುಂಬುವ ಚಿತ್ರ ಬೇಕೆಂದು ಬರುವವರಿಗೆ ಇಲ್ಲಿ ನಿರಾಶೆಯಾಗುತ್ತದೆ, ಏಕೆಂದರೆ ಮಾರ್ಗದರ್ಶಕಿ ಒಂದು ಹೆಜ್ಜೆಯನ್ನೂ ಹೆಚ್ಚು ಬಿಡುವುದಿಲ್ಲ. ಗೂಡಿನ ಕಡೆಗೆ ತೆಗೆದ ಚಿತ್ರಗಳನ್ನು ಎಲ್ಲಿಯಾದರೂ ಹಾಕುವುದಾದರೆ ಸ್ಥಳದ ಗುರುತನ್ನು ತೆಗೆದು ಹಾಕಬೇಕೆಂದೂ ಅವರು ಕೇಳಿಕೊಂಡರು. ಮೊಣಕಾಲು ನೋವಿರುವವರೂ ನಿಧಾನವಾಗಿ ನಡೆದು ಬರಬಹುದು, ಬಯಲು ಅಷ್ಟೊಂದು ಏರುತಗ್ಗಿನದಲ್ಲ. ಆದರೆ ಬಿಸಿಲಿದ್ದರೂ ಗಾಳಿ ಚಳಿಯಾಗಿರುವುದರಿಂದ ಕಿವಿ ಮುಚ್ಚುವ ಟೋಪಿ ಬೇಕು, ಇಬ್ಬನಿಗೆ ತೋಯದ ಬೂಟು ಬೇಕು. ಕಡೆಯದಾಗಿ ದಿನ ಗೊತ್ತುಮಾಡುವ ಮಾತು: ಈ ಎತ್ತರಕ್ಕೆ ಮಂಜು ಕವಿದರೆ ಹತ್ತು ಹೆಜ್ಜೆಯಾಚೆಯ ದನವೂ ಕಾಣುವುದಿಲ್ಲ. ನಮಗೆ ಮೊದಲು ಗೊತ್ತಾಗಿದ್ದ ಸೋಮವಾರ ಹಾಗೆಯೇ ಆಯಿತು. ಅವರು ಬೆಳಗ್ಗೆ ಆರಕ್ಕೇ ಫೋನ್ ಮಾಡಿ, ಹೆಚ್ಚಿನ ಹಣ ಕೇಳದೆ, ಬುಧವಾರಕ್ಕೆ ಬದಲಿಸಿಕೊಟ್ಟರು. ಹಾಗಾಗಿ ಶನಿವಾರ ಇಳಿದವರು ಈ ನಡಿಗೆಯನ್ನು ವಾರದ ಮೊದಲ ಭಾಗದಲ್ಲಿಯೇ ಇಟ್ಟುಕೊಳ್ಳಲಿ, ಮಂಜು ಕವಿದರೂ ಮುಂದಿನ ವಿಮಾನದೊಳಗೆ ಇನ್ನೆರಡು ಬೆಳಗು ಕೈಯಲ್ಲಿರುತ್ತವೆ.